ಉತ್ತರನ ರಥ ಮತ್ತು ಸಾರಥಿಯಿಲ್ಲದ ಕಾರು

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೌರವರು ವಿರಾಟನ ಗೋವುಗಳನ್ನು ಹಿಡಿದ ಸುದ್ದಿ ಬಂದಾಗ ರಾಜಕುಮಾರನು ಹೆಂಗಳೆಯರ ನಡುವೆ ಕುಳಿತು ಕೊಚ್ಚಿಕೊಂಡ ಬಗೆಯನ್ನು ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಕುಮಾರವ್ಯಾಸನು ಎಷ್ಟು ಸಲ ಓದಿದರೂ ನಗೆಯುಕ್ಕುವಂತೆ ಬಣ್ಣಿಸಿದ್ದಾನೆ. ಪ್ರತಿವರ್ಷವೂ ತರಗತಿಯಲ್ಲಿ ಈ ಭಾಗ ಬಂದಾಗ ಹಿಂದಿನ ಬೆಂಚಿನ ಹುಡುಗರೂ ಎಚ್ಚೆತ್ತು ಕೂಡುತ್ತಾರೆ. ಆದರೆ ಉತ್ತರನ ಮಾತಿನಲ್ಲಿರುವ ಒಂದು ಸ್ವಾರಸ್ಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವನ ದೃಷ್ಟಿಯಲ್ಲಿ ಅವನಿಗಿದ್ದ ಕೊರತೆ ಒಂದೇ: ಒಳ್ಳೆಯ ಸಾರಥಿಯಿಲ್ಲ. ಸಾರಥಿಯೊಬ್ಬ ಸಿಕ್ಕಿದ್ದರೆ ಭೀಷ್ಮದ್ರೋಣರೆಲ್ಲ ಅವನಿಗೆ ಯಾವ ಲೆಕ್ಕ! ನಮ್ಮ ಕಾಲದ ಉತ್ತರಕುಮಾರರು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಸಾರಥಿಯೇ ಬೇಡ, ರಥ ತಾನಾಗಿಯೇ ನಡೆಯುತ್ತದೆ ಎಂದರು.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದಕ್ಕೆ ಒಬ್ಬ ಹಳೆಯ ವಿದ್ಯಾರ್ಥಿ ಕಾರಣ. ಪಿ.ಯು.ಸಿ. ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿ, ಮುಂದೆ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಚಾಲಕನಿಲ್ಲದ ವಾಹನಗಳಿಗೆ ಬುದ್ಧಿ ಕಲಿಸುವ ಒಂದು ಹೊಸ ಕಂಪನಿಯನ್ನು ಸೇರಿದ್ದ. ದೀಪಾವಳಿಯ ರಜೆಯಲ್ಲಿ ಮನೆಗೆ ಬಂದವನ ಮುಖ ಬಾಡಿತ್ತು.

“ಸರ್, ಕಂಪನಿ ಬಂದ್ ಆತ್ರಿ” ಎಂದ.

“ಯಾಕೋ ತಮ್ಮಾ, ಕೆಲಸ ಚಲೋ ಐತಿ ಅಂದಿದ್ದಿ?”

“ಕೆಲಸ ಚಲೋ ಇತ್ರಿ. ಮೊದಲ ಕಂಪನಿ ಕಟ್ಟಿದ ಸಾಹೇಬ್ರು ಬಿಟ್ಟು ಹೋದ್ರು. ಅವರ ಜಾಗಾಕ್ಕ ಇನ್ನೊಬ್ಬರು ಬಂದ್ರು, ಅವರೂ ನಿಲ್ಲಲಿಲ್ಲ. ಕಡೀಕ ರೊಕ್ಕ ಹಾಕಿದವರು ಕೈ ತಗದ್ರು.”

ಈ ಹುಡುಗನ ತಂದೆ ಮೂವತ್ತು ವರ್ಷ ಲಾರಿ ಓಡಿಸಿದವರು. ಮಗನಿಗೆ ಕೆಲಸ ಸಿಕ್ಕಾಗ “ಅಪ್ಪ ಮಾಡೂ ಕೆಲಸಾನ ಇಲ್ಲದಂಗ ಮಾಡಾಕ ಮಗಾ ಹೊಂಟಾನ್ರಿ” ಎಂದು ನನ್ನೆದುರಿಗೇ ನಕ್ಕಿದ್ದರು. ಆ ನಗೆಯಲ್ಲಿ ಹೆಮ್ಮೆ ಎಷ್ಟಿತ್ತು, ಕಳವಳ ಎಷ್ಟಿತ್ತು ಎಂದು ಬೇರ್ಪಡಿಸುವುದು ಕಷ್ಟ. ಈಗ ಅಂಥದೇ ಇನ್ನೊಂದು ಕಂಪನಿ ಹುಡುಗನನ್ನು ಕರೆಯುತ್ತಿತ್ತು. ಹೋಗಬೇಕೋ ಬಿಡಬೇಕೋ ಎಂಬುದು ಅವನ ಪ್ರಶ್ನೆ. ನನಗೆ ಯಂತ್ರಶಾಸ್ತ್ರ ತಿಳಿಯದು. ಆದರೆ ತಿಳಿಯದ ಪ್ರಶ್ನೆ ಎದುರಾದಾಗ ಅದರ ಚರಿತ್ರೆಯನ್ನು ಹುಡುಕುವ ಹವ್ಯಾಸವುಂಟು. ಹಾಗೆ ಹುಡುಕಿದ್ದನ್ನು ವಾಚಕರೆದುರು ಇಡುತ್ತಿದ್ದೇನೆ.

ಕಥೆ ಆರಂಭವಾಗುವುದು ಮರುಭೂಮಿಯಲ್ಲಿ. 2004ರ ಮಾರ್ಚ್ 13ರಂದು ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆಯಾದ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಒಂದು ವಿಚಿತ್ರ ಪಂದ್ಯವನ್ನು ಏರ್ಪಡಿಸಿತು. ಮನುಷ್ಯನ ಕೈ ಸೋಕದೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕ್ರಮಿಸುವ ವಾಹನಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ. ಎಲ್ಲಕ್ಕಿಂತ ದೂರ ಹೋದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಾಹನ ಕ್ರಮಿಸಿದ್ದು ಸುಮಾರು 12 ಕಿಲೋಮೀಟರು ಮಾತ್ರ. ಬಹುಮಾನ ಯಾರಿಗೂ ಸಲ್ಲಲಿಲ್ಲ. ಆಂಥೊನಿ ಲೆವಾಂಡೋವ್ಸ್ಕಿ ಎಂಬ ತರುಣನೊಬ್ಬ ತಾನಾಗಿ ಓಡುವ ಮೋಟಾರುಸೈಕಲ್ಲನ್ನು ತಂದಿದ್ದ. ಅದು ಹೊರಟ ಕೆಲವೇ ಕ್ಷಣಗಳಲ್ಲಿ ಮಗುಚಿ ಬಿತ್ತು. ಈ ತರುಣನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಮರುವರ್ಷ ಬಹುಮಾನವನ್ನು ಇಮ್ಮಡಿ ಮಾಡಿ ಮತ್ತೆ ಪಂದ್ಯ ನಡೆಸಿದಾಗ ಐದು ವಾಹನಗಳು ಗುರಿ ಮುಟ್ಟಿದವು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟಾನ್ಲಿ’ ಎಂಬ ಕಾರು ಏಳು ಗಂಟೆಗಳೊಳಗೆ ದಾರಿ ಮುಗಿಸಿ ಗೆದ್ದಿತು. ಒಂದೇ ವರ್ಷದಲ್ಲಿ ಇಷ್ಟು ಪ್ರಗತಿಯಾದರೆ ಹತ್ತು ವರ್ಷಗಳಲ್ಲಿ ಏನಾಗದು? ಹೀಗೆ ಯೋಚಿಸಿದವರನ್ನು ತಪ್ಪೆನ್ನುವಂತಿಲ್ಲ. 2009ರಲ್ಲಿ ಗೂಗಲ್ ಸಂಸ್ಥೆ ಈ ಪಂದ್ಯಗಳ ಕಲಿಗಳನ್ನು ಕರೆಸಿಕೊಂಡು ಗುಟ್ಟಾಗಿ ಕೆಲಸ ಆರಂಭಿಸಿತು. ಅಲ್ಲಿಯವರೆಗೆ ಇದು ವಿದ್ಯೆಯ ಕಥೆ. ಅಲ್ಲಿಂದ ಮುಂದೆ ಇದು ಹಣದ ಕಥೆಯೂ ಆಯಿತು, ಮಾತಿನ ಕಥೆಯೂ ಆಯಿತು.

2012ರಲ್ಲಿ ಗೂಗಲಿನ ಸ್ಥಾಪಕರಲ್ಲೊಬ್ಬನಾದ ಸರ್ಗೆ ಬ್ರಿನ್, ಜನಸಾಮಾನ್ಯರು ಇಂಥ ಕಾರುಗಳ ಅನುಭವ ಪಡೆಯಲು ಬೇಕಾದ ವರ್ಷಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು ಎಂಬರ್ಥದ ಮಾತನ್ನಾಡಿದ. 2016ರ ಆಗಸ್ಟಿನಲ್ಲಿ ಫೋರ್ಡ್ ಕಂಪನಿಯ ಮುಖ್ಯಸ್ಥ ಮಾರ್ಕ್ ಫೀಲ್ಡ್ಸ್ 2021ರ ಹೊತ್ತಿಗೆ ಸ್ಟಿಯರಿಂಗೇ ಇಲ್ಲದ ಕಾರುಗಳನ್ನು ಬಾಡಿಗೆ ಸಂಚಾರಕ್ಕೆ ಇಳಿಸುವುದಾಗಿ ಸಾರಿದ. 2019ರ ಏಪ್ರಿಲಿನಲ್ಲಿ ಟೆಸ್ಲಾದ ಇಲಾನ್ ಮಸ್ಕ್ ಮರುವರ್ಷವೇ ಹತ್ತು ಲಕ್ಷ ರೋಬೋಟ್ ಟ್ಯಾಕ್ಸಿಗಳು ರಸ್ತೆಯಲ್ಲಿರುವುವೆಂದು ಹೇಳಿದ. 2017 ಬಂತು, 2020 ಬಂತು, 2021ೂ ಬಂತು. ಅವರು ಹೇಳಿದ ಕಾರುಗಳು ಅವರು ಹೇಳಿದಂತೆ ಬರಲಿಲ್ಲ.

ಮಾತು ಕೊಟ್ಟವರ ಗತಿ ಏನಾಯಿತು? ಇಲ್ಲಿಯೇ ಈ ಚರಿತ್ರೆಯ ತಿರುಳಿದೆ. ಫೋರ್ಡ್ ಕಂಪನಿಯನ್ನೇ ನೋಡಿರಿ. ಭರವಸೆಯನ್ನಿತ್ತ ಫೀಲ್ಡ್ಸ್ ಒಂದು ವರ್ಷ ಕಳೆಯುವುದರೊಳಗೆ, 2017ರ ಮೇ ತಿಂಗಳಲ್ಲಿ, ಅಧಿಕಾರ ಕಳೆದುಕೊಂಡ. ಅವನ ಸ್ಥಾನಕ್ಕೆ ಬಂದ ಜಿಮ್ ಹ್ಯಾಕೆಟ್ 2019ರಲ್ಲಿ, ಈ ಕಾರುಗಳು ಬರುವ ಕಾಲದ ಬಗ್ಗೆ ನಾವು ಅತಿಯಾಗಿ ಅಂದಾಜು ಮಾಡಿದೆವು ಎಂದು ಒಪ್ಪಿಕೊಂಡ. ಅವನೂ 2020ರಲ್ಲಿ ನಿರ್ಗಮಿಸಿದ. ಫೋರ್ಡ್ ಮತ್ತು ಫೋಕ್ಸ್‌ವ್ಯಾಗನ್ ಸೇರಿ ಪೋಷಿಸಿದ ‘ಆರ್ಗೋ’ ಎಂಬ ಕಂಪನಿಯನ್ನು ಮೂರನೆಯ ಮುಖ್ಯಸ್ಥನ ಕಾಲದಲ್ಲಿ, 2022ರ ಅಕ್ಟೋಬರಿನಲ್ಲಿ, ಮುಚ್ಚಿದರು. ಒಬ್ಬನು ಮಾತು ಕೊಟ್ಟ, ಇನ್ನೊಬ್ಬ ಮಾತನ್ನು ತಗ್ಗಿಸಿದ, ಮತ್ತೊಬ್ಬ ಬಾಗಿಲು ಹಾಕಿದ. ಕೊಟ್ಟ ಮಾತಿಗೂ ಅದರ ಲೆಕ್ಕ ಒಪ್ಪಿಸಬೇಕಾದ ವ್ಯಕ್ತಿಗೂ ಸಂಬಂಧವೇ ಉಳಿಯಲಿಲ್ಲ.

ಇನ್ನು ಆ ಮೋಟಾರುಸೈಕಲ್ಲಿನ ತರುಣ. ಲೆವಾಂಡೋವ್ಸ್ಕಿ ಗೂಗಲಿನಲ್ಲಿ ದುಡಿದು 2016ರ ಆರಂಭದಲ್ಲಿ ಹೊರಬಿದ್ದು ‘ಆಟೋ’ ಎಂಬ ಲಾರಿ ಕಂಪನಿಯನ್ನು ಕಟ್ಟಿದ. ಕೆಲವೇ ತಿಂಗಳುಗಳಲ್ಲಿ ಊಬರ್ ಸಂಸ್ಥೆ ಅದನ್ನು ಕೊಂಡಿತು. 2017ರ ಫೆಬ್ರುವರಿಯಲ್ಲಿ, ಗೂಗಲಿನಿಂದ ಬೇರ್ಪಟ್ಟು ವೇಮೋ ಎಂಬ ಹೆಸರು ಪಡೆದಿದ್ದ ಕಂಪನಿ, ತನ್ನ ಗುಟ್ಟುಗಳನ್ನು ಕದ್ದೊಯ್ದನೆಂದು ದಾವೆ ಹೂಡಿತು. ಊಬರ್ ಅವನನ್ನು ಕೈಬಿಟ್ಟಿತು. ಅದೇ ವರ್ಷದ ಜೂನಿನಲ್ಲಿ ಊಬರಿನ ಮುಖ್ಯಸ್ಥ ಟ್ರಾವಿಸ್ ಕಲಾನಿಕನೂ ಬೇರೆ ಹಲವು ಕಾರಣಗಳಿಂದ ರಾಜೀನಾಮೆಯಿತ್ತ. 2020ರಲ್ಲಿ ಲೆವಾಂಡೋವ್ಸ್ಕಿಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಮರುವರ್ಷ ಜನವರಿಯಲ್ಲಿ ಅಧ್ಯಕ್ಷರ ಕ್ಷಮಾದಾನ ದೊರೆಯಿತು. ಇಂಥ ಜಗಳಗಳ ನೆರಳಿನಲ್ಲಿಯೇ, 2018ರ ಮಾರ್ಚ್ 18ರ ರಾತ್ರಿ, ಆರಿಜೋನದ ಟೆಂಪಿ ನಗರದಲ್ಲಿ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಇಲೇನ್ ಹರ್ಜ್‌ಬರ್ಗ್ ಎಂಬ ಮಹಿಳೆ ಊಬರಿನ ಪ್ರಯೋಗದ ಕಾರಿಗೆ ಸಿಕ್ಕಿ ಸತ್ತಳು. ತಾನಾಗಿ ಓಡುವ ಕಾರು ಪಾದಚಾರಿಯನ್ನು ಕೊಂದ ಮೊದಲ ಪ್ರಸಂಗವದು. ದೊಡ್ಡವರ ಪೈಪೋಟಿಯ ಬೆಲೆಯನ್ನು ಅದರ ಗಂಧವೂ ಇಲ್ಲದ ದಾರಿಹೋಕರು ತೆರಬೇಕಾಗಿ ಬರುವುದು ಚರಿತ್ರೆಯಲ್ಲಿ ಹೊಸದೇನಲ್ಲ.

ಕ್ರೂಸ್ ಎಂಬ ಕಂಪನಿಯ ಕಥೆ ಇನ್ನೂ ಬೋಧಪ್ರದವಾಗಿದೆ. 2013ರಲ್ಲಿ ಹುಟ್ಟಿ, 2016ರಲ್ಲಿ ಜನರಲ್ ಮೋಟರ್ಸ್ ಪಾಲಾದ ಈ ಕಂಪನಿಯಲ್ಲಿ 2021ರ ಡಿಸೆಂಬರಿನಲ್ಲಿ ಮುಖ್ಯಸ್ಥನನ್ನು ಇದ್ದಕ್ಕಿದ್ದಂತೆ ತೆಗೆದುಹಾಕಿ ಸ್ಥಾಪಕನಾದ ಕೈಲ್ ವೋಗ್ಟನನ್ನು ಮತ್ತೆ ಕೂಡಿಸಿದರು. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರಿನ ಹೊಡೆತಕ್ಕೆ ಸಿಕ್ಕ ಮಹಿಳೆಯೊಬ್ಬಳು ಕ್ರೂಸ್ ಕಾರಿನೆದುರು ಬಿದ್ದಳು. ಕಾರು ನಿಂತಿತು, ಆದರೆ ದಾರಿಯ ಬದಿಗೆ ಸರಿಯಬೇಕೆಂಬ ತನ್ನ ನಿಯಮದಂತೆ ಮತ್ತೆ ಚಲಿಸಿ, ಅಡಿಯಲ್ಲಿ ಸಿಕ್ಕಿದ್ದ ಆಕೆಯನ್ನು ಸುಮಾರು ಇಪ್ಪತ್ತು ಅಡಿ ಎಳೆಯಿತು. ಎಳೆದ ಈ ಸಂಗತಿಯನ್ನು ಕಂಪನಿ ಅಧಿಕಾರಿಗಳಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂಬ ಆಕ್ಷೇಪ ಬಂದು ಪರವಾನಿಗೆ ಹೋಯಿತು. ನವೆಂಬರಿನಲ್ಲಿ ವೋಗ್ಟ್ ಹೋದ. ಡಿಸೆಂಬರಿನಲ್ಲಿ ಸಿಬ್ಬಂದಿಯ ಕಾಲು ಭಾಗ ಹೋಯಿತು. 2024ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್ ಈ ಬಾಡಿಗೆ ಕಾರಿನ ಸಾಹಸವನ್ನೇ ಕೈಬಿಟ್ಟಿತು. ಅಷ್ಟರೊಳಗೆ ಅದಕ್ಕೆ ಸುರಿದಿದ್ದ ಹಣ ಒಂದು ಸಾವಿರ ಕೋಟಿ ಡಾಲರಿಗೆ ಕಡಿಮೆಯದಲ್ಲ. ಕಂಪನಿಯನ್ನು ಕೆಡವಿದ್ದು ಅಪಘಾತವೊಂದೇ ಅಲ್ಲ, ಅದನ್ನು ಹೇಳಿದ ರೀತಿಯೂ ಹೌದು. ವಿರಾಟನ ಆಸ್ಥಾನದಲ್ಲಿ ಮಗನ ಗೆಲುವಿನ ಹೊಗಳಿಕೆ ನಡೆದಿದ್ದಾಗ, ಗೆದ್ದವನು ಬೃಹನ್ನಳೆ ಎಂದು ನಿಜ ನುಡಿದ ಕಂಕನ ಹಣೆಗೆ ಪಗಡೆಯ ದಾಳ ಬಿದ್ದಿತಲ್ಲವೆ? ಹೊಗಳಿಕೆ ಜೋರಾಗಿರುವ ಮನೆಯಲ್ಲಿ ನಿಜ ಹೇಳುವವನ ಹಣೆ ಯಾವಾಗಲೂ ಅಪಾಯದಲ್ಲಿರುತ್ತದೆ.

ಇಷ್ಟು ಬುದ್ಧಿವಂತರು ಹೀಗೇಕೆ ಎಡವಿದರು? ನನಗೆ ತೋರುವ ಕಾರಣಗಳು ಎರಡು. ಮೊದಲನೆಯದು ವಿದ್ಯೆಗೆ ಸಂಬಂಧಿಸಿದ್ದು. ಕ್ಯಾಮೆರಾ, ರಾಡಾರ್, ಲೇಸರ್ ಕಿರಣಗಳಿಂದ ಸುತ್ತಲಿನ ದೂರವನ್ನಳೆಯುವ ಲೈಡಾರ್ ಇವುಗಳ ಬಲದಿಂದ ಕಾರಿಗೆ ದಾರಿಯನ್ನು ಕಾಣಿಸಬಹುದು. ನೂರರಲ್ಲಿ ತೊಂಬತ್ತೈದು ಸಂದರ್ಭಗಳನ್ನು ಕಲಿಸಲು ಐದು ವರ್ಷ ಸಾಕೆನ್ನೋಣ. ಉಳಿದ ಐದನ್ನು ಕಲಿಸಲು ಐವತ್ತು ವರ್ಷವೂ ಸಾಲದೆ ಹೋಗಬಹುದು. ಏಕೆಂದರೆ ಆ ಐದರಲ್ಲಿ ಪ್ರತಿಯೊಂದೂ ಹೊಸದು. ಪ್ರದರ್ಶನದಲ್ಲಿ ತೊಂಬತ್ತೈದಕ್ಕೆ ಚಪ್ಪಾಳೆ ಬೀಳುತ್ತದೆ. ರಸ್ತೆಯಲ್ಲಿ ಪ್ರಾಣ ಹೋಗುವುದು ಆ ಐದರಲ್ಲಿ. ಎರಡನೆಯದು ಹಣಕ್ಕೆ ಸಂಬಂಧಿಸಿದ್ದು. ಬಂಡವಾಳ ಹೂಡುವವನು ಯಾವಾಗ ಎಂದು ಕೇಳುತ್ತಾನೆ. ನಿಜವಾಗಿ ಬಲ್ಲವನು ‘ಹೇಳಲಾರೆ’ ಎನ್ನುತ್ತಾನೆ. ‘ಇನ್ನೆರಡು ವರ್ಷ’ ಎಂದವನಿಗೆ ಹಣ ದೊರೆಯುತ್ತದೆ. ಹೀಗೆ ಬಾಯಿ ದೊಡ್ಡದಾದವರೇ ನಾಯಕರಾಗಿ ಆಯ್ಕೆಯಾಗುತ್ತಾರೆ. ಗಡುವು ಮೀರಿದಾಗ ಲೆಕ್ಕವನ್ನು ತಿದ್ದುವ ಬದಲು ನಾಯಕನನ್ನು ಬದಲಿಸುತ್ತಾರೆ. ಹೊಸಬನು ಹೊಸ ಗಡುವನ್ನು ತರುತ್ತಾನೆ.

ಇದೆಲ್ಲ ಬರಿಯ ಬೂಟಾಟಿಕೆ ಎಂದು ನಾನು ಹೇಳಿದೆನೆಂದು ವಾಚಕರು ಭಾವಿಸಬಾರದು. ವೇಮೋ ಕಂಪನಿಯಲ್ಲಿಯೂ ನಾಯಕರು ಬದಲಾದರು. 2021ರಲ್ಲಿ ಮುಖ್ಯಸ್ಥ ಜಾನ್ ಕ್ರಾಫ್ಚಿಕ್ ಹೋಗಿ ಇಬ್ಬರು ಜಂಟಿ ಮುಖ್ಯಸ್ಥರು ಬಂದರು. ಅವರಲ್ಲೊಬ್ಬನಾದ ದ್ಮಿತ್ರಿ ದೊಲ್ಗೋವ್ 2009ರ ಮೊದಲ ತಂಡದಲ್ಲಿಯೇ ಇದ್ದವನು. ಒಂದು ಊರಿನಲ್ಲಿ ಕಲಿತು ಇನ್ನೊಂದು ಊರಿಗೆ ಹೋಗುವ ನಿಧಾನದ ಕ್ರಮದಿಂದ ಅದರ ಕಾರುಗಳು 2025ರ ಹೊತ್ತಿಗೆ ಅಮೆರಿಕದ ಕೆಲವು ನಗರಗಳಲ್ಲಿ ಚಾಲಕರಿಲ್ಲದೆ ವಾರಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಬಾಡಿಗೆ ಸಂಚಾರ ಮಾಡತೊಡಗಿದವು. ಅಂದರೆ ಕನಸು ಸುಳ್ಳಲ್ಲ, ಪಂಚಾಂಗ ಸುಳ್ಳು.

ಈಗ ನಮ್ಮ ನಾಡಿನ ಕಡೆ ತಿರುಗೋಣ. ವಾಹನದ ಕನಸು ಕನ್ನಡನಾಡಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ಎಪ್ಪತ್ತೈದರ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು ಭಾರತದಲ್ಲಿ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಪರಕೀಯ ಸರ್ಕಾರದ ಬೆಂಬಲ ದೊರೆಯಲಿಲ್ಲ. 1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. 1941ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರು ಅಧಿಕಾರ ಬಿಟ್ಟರು. ಕಾರಿನ ಕಾರ್ಖಾನೆ ಮೈಸೂರು ಸೀಮೆಗೆ ಬರಲಿಲ್ಲ. ಅದರ ಬದಲು ವಾಲ್‌ಚಂದರ ಸಾಹಸ ಮತ್ತು ಮೈಸೂರು ಸರ್ಕಾರದ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತಿತು. ಕಾರು ಮುಂದೆ ಮುಂಬಯಿಯ ಪ್ರೀಮಿಯರ್ ಕಂಪನಿಯ ಪಾಲಾಯಿತು. ವಿಶ್ವೇಶ್ವರಯ್ಯನವರ ಯೋಜನೆ ಸೋತಿರಬಹುದು. ಆದರೆ ಅದರಲ್ಲಿ ಲೆಕ್ಕವಿತ್ತು, ಬೊಬ್ಬೆಯಿರಲಿಲ್ಲ. ಲೆಕ್ಕವಿದ್ದ ಸೋಲಿನಿಂದ ಮುಂದಿನವರು ಕಲಿಯಬಹುದು; ಬೊಬ್ಬೆಯ ಸೋಲಿನಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

1970ರ ದಶಕದಲ್ಲಿ ಬೆಂಗಳೂರಿನಿಂದ ‘ಬಾದಲ್’ ಎಂಬ ಮೂರು ಗಾಲಿಯ ಪುಟ್ಟ ಕಾರು ಹೊರಬಂತು. ಅದೇ ಮನೆತನದ ಸಿಪಾನಿ ಕಂಪನಿ 1980ರ ದಶಕದಲ್ಲಿ ಇಂಗ್ಲೆಂಡಿನ ನಮೂನೆಯೊಂದನ್ನು ಅನುಸರಿಸಿ ಫೈಬರ್ ಗ್ಲಾಸ್ ಮೈಯ ‘ಡಾಲ್ಫಿನ್’ ಕಾರನ್ನು ತಯಾರಿಸಿತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಎರಡು ಬಾಗಿಲಿನ ಈ ಬಡ ಕಾರಿನ ಕಡೆ ನೋಡುವವರು ಕಡಿಮೆಯಾದರು.

ಆಮೇಲಿನದು ರೇವಾ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸೂರ್ಯಶಕ್ತಿಯ ಕಾರಿನ ಪಂದ್ಯದ ತಂಡದಲ್ಲಿದ್ದ ಚೇತನ್ ಮೈನಿ ಊರಿಗೆ ಮರಳಿ, 1994ರಲ್ಲಿ ಸ್ಥಾಪಿತವಾದ ಕಂಪನಿಯ ಮೂಲಕ ವಿದ್ಯುತ್ ಕಾರನ್ನು ರೂಪಿಸಿದರು. ಅದು ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಏಳು ವರ್ಷಗಳ ದುಡಿಮೆಯ ಮೇಲೆ. ಸೀಸದ ಬ್ಯಾಟರಿಯ ಆ ಕಿರುಕಾರು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರು ಹೋಗುತ್ತಿತ್ತು. ಬೆಂಗಳೂರಿನವರು ಅದನ್ನು ಕಂಡು ಆಟಿಗೆಯೆಂದು ನಕ್ಕದ್ದೂ ಉಂಟು. ಆದರೆ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಅದು ಓಡಿತು. ಅದರ ಸುರಕ್ಷತೆಯ ಬಗ್ಗೆ ಅಲ್ಲಿ ಕಟುವಾದ ಟೀಕೆಯೂ ಬಂತು. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಸಂಸ್ಥೆ ಶೇಕಡಾ 55ರಷ್ಟು ಪಾಲನ್ನು ಕೊಂಡಿತು. ಕಂಪನಿಯ ಹೆಸರು ಬದಲಾಯಿತು. 2013ರಲ್ಲಿ ಹೊಸ ಕಾರು ಬಂತು. ಕೆಲವು ವರ್ಷಗಳಲ್ಲಿ ಮೈನಿಯವರೂ ಅಧಿಕಾರ ಬಿಟ್ಟರು. 2017ರಲ್ಲಿ ಬ್ಯಾಟರಿಗಳನ್ನು ಬದಲಿಸಿಕೊಡುವ ಬೇರೆ ಉದ್ಯಮಕ್ಕೆ ಕೈಹಾಕಿದರು. ಇಲ್ಲಿಯೂ ಸಾರಥಿ ಬದಲಾದ. ಆದರೆ ಕಟ್ಟಿದ ವಿದ್ಯೆ ಬೀದಿಪಾಲಾಗದೆ ಹೊಸ ಯಜಮಾನನ ಕೈ ಸೇರಿ ಮುಂದುವರಿಯಿತು. ಕಾರು ಮೊದಲು, ಮಾತು ಆಮೇಲೆ ಎಂಬ ಕ್ರಮವಿದ್ದುದರಿಂದ ಇದು ಸಾಧ್ಯವಾಯಿತು.

ಈಚೆಗೆ ಕ್ರಮ ತಿರುವುಮುರುವಾಗಿದೆ. 2022ರ ಆಗಸ್ಟ್ 15ರಂದು ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿಯ ಭವೀಶ್ ಅಗರ್ವಾಲ್ ವಿದ್ಯುತ್ ಕಾರೊಂದು 2024ರಲ್ಲಿ ಬರುವುದಾಗಿ ಘೋಷಿಸಿದರು. 2024 ಮುಗಿಯಿತು, ಕಾರು ಬರಲಿಲ್ಲ. 2023ರ ಜೂನಿನಲ್ಲಿ ಬೆಂಗಳೂರಿನ ‘ಮೈನಸ್ ಝೀರೋ’ ಎಂಬ ನವೋದ್ಯಮದ ತರುಣರು ಸ್ಟಿಯರಿಂಗ್ ಇಲ್ಲದ, ಕ್ಯಾಮೆರಾಗಳ ಬಲದಿಂದ ನಡೆಯುವ ‘ಝೀಪಾಡ್’ ವಾಹನವನ್ನು ಪ್ರದರ್ಶಿಸಿದರು. ಪತ್ರಿಕೆಗಳು ಭಾರತದ ಮೊದಲ ಚಾಲಕರಹಿತ ಕಾರು ಎಂದು ಬರೆದವು. ತರುಣರ ಸಾಹಸ ಮೆಚ್ಚತಕ್ಕದ್ದೇ. ಆದರೆ ಪ್ರದರ್ಶನದ ಅಂಗಳಕ್ಕೂ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತಕ್ಕೂ ಇರುವ ಅಂತರವನ್ನು ತಲೆಬರಹಗಳು ಅಳೆಯುವುದಿಲ್ಲ.

ಅಷ್ಟು ದೂರವೇಕೆ? ನಮ್ಮ ಹುಬ್ಬಳ್ಳಿ-ಧಾರವಾಡಗಳ ನಡುವೆ ಚಿಗರಿ ಬಸ್ಸುಗಳಿಗೆಂದು ಸುಮಾರು 22 ಕಿಲೋಮೀಟರಿನ ದಾರಿಯಲ್ಲಿ ಪ್ರತ್ಯೇಕ ಪಥವನ್ನೇ ಮಾಡಿದರು. 2018ರಲ್ಲಿ ಸಂಚಾರ ಆರಂಭವಾಯಿತು. ಯಂತ್ರದ ಕಣ್ಣಿಗೆ ಇದಕ್ಕಿಂತ ಸುಲಭದ ದಾರಿ ಬೇರೆಲ್ಲಿ ಸಿಕ್ಕೀತು? ಆದರೂ ಬೇಲಿಯ ಸಂದಿಯಿಂದ ನುಸುಳುವ ಕಾಲೇಜು ಹುಡುಗ, ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ರಸ್ತೆಯ ನಡುವೆ ನಿಂತು ಮಾತಿಗಿಳಿದ ಅಜ್ಜಿ, ಯಾರಿಗೂ ಜಗ್ಗದ ಎಮ್ಮೆ, ಇವರೆಲ್ಲರ ಮನಸ್ಸನ್ನು ಚಿಗರಿಯ ಚಾಲಕ ದೂರದಿಂದಲೇ ಓದುತ್ತಾನೆ. ಅಜ್ಜಿ ಮುಂದಕ್ಕೆ ಬರುತ್ತಾಳೋ ಹಿಂದಕ್ಕೆ ಸರಿಯುತ್ತಾಳೋ ಎಂಬುದು ಅವಳಿಗೇ ತಿಳಿಯುವ ಮೊದಲು ಅವನಿಗೆ ತಿಳಿದಿರುತ್ತದೆ. ಈ ವಿದ್ಯೆಗೆ ನಾವು ಹೆಸರಿಟ್ಟಿಲ್ಲ, ಪದವಿ ಕೊಟ್ಟಿಲ್ಲ. ಆದ್ದರಿಂದ ಅದು ವಿದ್ಯೆಯೆಂಬುದನ್ನೇ ಮರೆತಿದ್ದೇವೆ. 2017ರಲ್ಲಿ ಕೇಂದ್ರ ಸಾರಿಗೆ ಸಚಿವರಾದ ನಿತಿನ್ ಗಡ್ಕರಿಯವರು ಉದ್ಯೋಗಗಳನ್ನು ಕಸಿಯುವ ಚಾಲಕರಹಿತ ಕಾರುಗಳಿಗೆ ಭಾರತದಲ್ಲಿ ಅವಕಾಶವಿಲ್ಲವೆಂದರು. ಆ ಮಾತಿನ ನ್ಯಾಯಾನ್ಯಾಯ ಏನೇ ಇರಲಿ, ಚಾಲಕನ ಅನ್ನದ ಪ್ರಶ್ನೆಯನ್ನು ಅದು ಎತ್ತಿತು.

ಗಾಲಿಗಳ ಮೇಲೆ ಉದ್ಯಮ ಕಟ್ಟುವ ಬೇರೆ ಬಗೆಯೂ ನಮ್ಮ ಭಾಗದಲ್ಲಿಯೇ ಉಂಟು. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿಯಿಂದ ಆರಂಭಿಸಿದ ವ್ಯವಹಾರ ಹುಬ್ಬಳ್ಳಿಗೆ ಬಂದು ಸಾವಿರಾರು ವಾಹನಗಳ ಸಂಸ್ಥೆಯಾಯಿತು. ಧಾರವಾಡದ ಬಸ್ಸಿನ ಕಾರ್ಖಾನೆ 2006ರಲ್ಲಿ ಟಾಟಾ ಮತ್ತು ಬ್ರೆಜಿಲಿನ ಮಾರ್ಕೊಪೋಲೊ ಸೇರಿ ಮಾಡಿಕೊಂಡ ಒಪ್ಪಂದದ ಫಲ. 2020ರಲ್ಲಿ ಬ್ರೆಜಿಲಿನವರು ತಮ್ಮ ಪಾಲನ್ನು ಬಿಟ್ಟುಕೊಡಲು ಒಪ್ಪಿದರು. ಪಾಲುದಾರರು ಹೋದರೆಂದು ಬಸ್ಸು ಕಟ್ಟುವ ಕೆಲಸ ನಿಲ್ಲಲಿಲ್ಲ. ಕೈಯಲ್ಲಿ ಮಾಡುವ ಕೆಲಸವಿದ್ದಲ್ಲಿ ಯಜಮಾನನ ಬದಲಾವಣೆ ಒಂದು ಘಟನೆ ಮಾತ್ರ. ಬರಿಯ ಭರವಸೆಯೇ ಬಂಡವಾಳವಾದಲ್ಲಿ ಅದು ಪ್ರಳಯ.

ಹಳೆಯ ವಿದ್ಯಾರ್ಥಿಗೆ ನಾನು ಇದನ್ನೆಲ್ಲ ಹೇಳಿದೆ. “ಹಂಗಾದ್ರ ಹೋಗಬ್ಯಾಡ ಅಂತೀರೇನ್ರಿ ಸರ್?” ಎಂದು ಕೇಳಿದ. ಹೋಗಬೇಡವೆಂದು ನಾನು ಹೇಳಲಿಲ್ಲ. ಹೋಗುವ ಮುನ್ನ ಮೂರು ಮಾತು ಕೇಳು ಎಂದೆ. ಯಾವಾಗ ಆಗುತ್ತದೆ ಎಂಬ ಪ್ರಶ್ನೆಗೆ ‘ತಿಳಿಯದು’ ಎನ್ನುವ ಧೈರ್ಯ ಅಲ್ಲಿ ಯಾರಿಗಾದರೂ ಇದೆಯೇ? ತಪ್ಪಾದಾಗ ಅದನ್ನು ಬಾಯಿಬಿಟ್ಟು ಹೇಳಿದವನಿಗೆ ಏನಾಗುತ್ತದೆ? ನಾಳೆ ಮುಖ್ಯಸ್ಥ ಹೋದರೆ ನಿನ್ನ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು? “ನಾಲ್ಕನೇದ್ದನ್ನ ನಿಮ್ಮ ಅಪ್ಪನ್ನ ಕೇಳು. ಕಣ್ಣಿಗೆ ಕಾಣದ ತಿರುವಿನ್ಯಾಗ ಗಾಡಿ ಹೆಂಗ ನಡಸಬೇಕು ಅನ್ನೂದು ಅವರಿಗೆ ಗೊತ್ತೈತಿ” ಎಂದೆ. ಹುಡುಗ ನಕ್ಕ, ಆದರೆ ಮಾತನ್ನು ಮನಸ್ಸಿಗೆ ತೆಗೆದುಕೊಂಡನೆಂದು ಕಾಣುತ್ತದೆ. ಯುಗಾದಿಯ ಹೊತ್ತಿಗೆ ಪತ್ರ ಬರೆದಿದ್ದ. ಆ ಕಂಪನಿಗೆ ಹೋಗದೆ, ನಿದ್ದೆಗಣ್ಣಾದ ಲಾರಿ ಚಾಲಕರನ್ನು ಎಚ್ಚರಿಸುವ ಉಪಕರಣ ಮಾಡುವ ಸಣ್ಣದೊಂದು ಸಂಸ್ಥೆಯನ್ನು ಸೇರಿದ್ದಾನಂತೆ. ಅಪ್ಪನನ್ನು ಎರಡು ರಾತ್ರಿ ಲಾರಿಯಲ್ಲಿ ಜೊತೆಗೆ ಕೂಡಿಸಿಕೊಂಡು ಹೋಗಿ ನೂರು ಪ್ರಶ್ನೆ ಕೇಳಿದನಂತೆ. ಸಂಬಳ ಮೊದಲಿನದಕ್ಕಿಂತ ಕಡಿಮೆ.

ಉತ್ತರನ ಕಥೆಯ ಉತ್ತರಾರ್ಧವನ್ನು ನಾವು ಮರೆಯುತ್ತೇವೆ. ಕೌರವ ಸೇನೆಯನ್ನು ಕಂಡೊಡನೆ ಅವನು ರಥದಿಂದ ಧುಮುಕಿ ಓಡಿದ್ದು ನಿಜ. ಅರ್ಜುನ ಬೆನ್ನಟ್ಟಿ ಹಿಡಿದು ತಂದು ಅವನ ಕೈಗೆ ಹಗ್ಗ ಕೊಟ್ಟ. ಒಲೆಯ ಮುಂದೆ ಕೊಚ್ಚಿಕೊಂಡಿದ್ದ ರಾಜಕುಮಾರ ಅಂದು ತಾನೇ ಸಾರಥಿಯಾಗಿ ಕುದುರೆಗಳನ್ನು ನಡೆಸಿದ. ರಥ ರಣರಂಗವನ್ನು ಮುಟ್ಟಿತು. ಗೋವುಗಳು ಮನೆಗೆ ಮರಳಿದವು. ಮುಂದಿನ ಸಲ ತರಗತಿಯಲ್ಲಿ ಹುಡುಗರು ನಕ್ಕು ಮುಗಿಸಿದ ಮೇಲೆ ಈ ಭಾಗವನ್ನೂ ನಿಧಾನವಾಗಿ ಓದಿಸಬೇಕೆಂದುಕೊಂಡಿದ್ದೇನೆ.